ಅತ್ಜೆ ಬಗ್ಗೆ ನಿಮ್ಮ ಲೇಖನ: ಸಂಪಾದಕರ ಉತ್ತರ

ನಮಸ್ಕಾರ.

ಪ್ಯಾರಿಸ್ಸಿನ ಫೋಟೋಗ್ರಾಫರ್ ಯೂಜೀನ್ ಅತ್ಜೆ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗ ಇರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಲು ನನಗೆ ಇಷ್ಟವಿಲ್ಲ. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಅವರಿಗೆ ಆ ಊರಿನ ಮೇಲೆ ಎಷ್ಟು ಪ್ರೀತಿ ಇತ್ತು ಅಂತ ಪುಟ ಪುಟದಲ್ಲೂ ಹೇಳಿದ್ದೀರಿ. ಆದರೆ ಅವರು ಮಾಡಿದ ಕೆಲಸ ಎಲ್ಲೂ ಕಾಣುವುದಿಲ್ಲ. ಮರದ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡ್, ಫಿಲ್ಮಿನ ಬದಲು ಚಿತ್ರ ಮೂಡಿಸಲು 18×24 ಸೆಂಟಿಮೀಟರಿನ ಗಾಜಿನ ಪ್ಲೇಟುಗಳು. ಇಷ್ಟನ್ನೂ ಹೊತ್ತುಕೊಂಡು ಸುಮಾರು 30 ವರ್ಷ ಬೀದಿ ಬೀದಿ ಓಡಾಡಿದರು. ಹಳೇ ಮನೆಗಳ ಅಂಗಳ, ಮೆಟ್ಟಿಲಿನ ಕಂಬಿ, ಬಾಗಿಲು ಬಡಿಯುವ ಹಿಡಿ, ಅಂಗಡಿಯ ಬೋರ್ಡು ಎಲ್ಲವನ್ನೂ ತೆಗೆದರು. ಕೆಲವು ಪ್ರಿಂಟುಗಳ ಮೇಲೆ, ಈ ಕಟ್ಟಡ ಇನ್ನು ಇರುವುದಿಲ್ಲ ಅಂತ ಬರೆದಿಟ್ಟರು. ನಿಮ್ಮ ಇಡೀ ಲೇಖನಕ್ಕಿಂತ ಈ ಟಿಪ್ಪಣಿಯೇ ಜಾಸ್ತಿ ಹೇಳುತ್ತದೆ. ಅದನ್ನು ಬಿಟ್ಟು ಐಫೆಲ್ ಗೋಪುರಕ್ಕೆ ಎರಡು ಪ್ಯಾರಾ ಯಾಕೆ ಕೊಟ್ಟಿರಿ? ಅವರ ಗಮನ ಆ ಕಡೆ ಇರಲೇ ಇಲ್ಲ.

ಅವರ ಚಿತ್ರಗಳಲ್ಲಿ ಜನ ಹೊಗೆಯ ಹಾಗೆ ಕಾಣುವುದನ್ನು "ಮಾಯೆ" ಅಂದಿದ್ದೀರಿ. ಕಾರಣ ಹೇಳಿ. ಪ್ಲೇಟಿಗೆ ಬೆಳಕು ಬಹಳ ಹೊತ್ತು ಬೀಳಬೇಕಿತ್ತು, ಅಷ್ಟರಲ್ಲಿ ಜನ ನಡೆದು ಹೋಗುತ್ತಿದ್ದರು. ಕೆಲವು ಚಿತ್ರಗಳ ಮೇಲಿನ ಮೂಲೆಗಳು ಕಪ್ಪಾಗಿ ದುಂಡಗಿರುವುದೂ ಹಾಗೇ. ಎತ್ತರದ ಕಟ್ಟಡ ಪೂರ್ತಿ ಬರಲಿ ಅಂತ ಲೆನ್ಸನ್ನು ಮೇಲಕ್ಕೆ ಸರಿಸುತ್ತಿದ್ದರು, ಅದರ ಬೆಳಕು ಮೂಲೆಗೆ ಮುಟ್ಟುತ್ತಿರಲಿಲ್ಲ. ಕಾರಣ ಗೊತ್ತಾದರೆ ಓದುಗರಿಗೆ ಆ ಚಿತ್ರಗಳ ಮೇಲೆ ಆಸೆ ಹೆಚ್ಚುತ್ತದೆ.

ಇನ್ನೊಂದು ದೊಡ್ಡ ತಕರಾರಿದೆ. ಅವರನ್ನು ಯಾರೂ ಕೇಳದ, ಹಸಿದ ಕಲಾವಿದ ಮಾಡಿಬಿಟ್ಟಿದ್ದೀರಿ. ಅದು ಸುಲಭದ ಕಥೆ. ಕಲಾವಿದರಿಗೆ ಬೇಕಾಗುವ ಚಿತ್ರಗಳು ಇಲ್ಲಿವೆ ಅಂತ ಬೋರ್ಡು ಹಾಕಿಕೊಂಡು ಅವರು ವ್ಯಾಪಾರ ಮಾಡಿದರು. ಚಿತ್ರಕಾರರು, ಕುಶಲಕರ್ಮಿಗಳು, ಗ್ರಂಥಾಲಯಗಳು, ಪ್ಯಾರಿಸ್ಸಿನ ಇತಿಹಾಸದ ಕಾರ್ನವಾಲೆ ಮ್ಯೂಸಿಯಂ ಎಲ್ಲರೂ ಕೊಂಡರು. 1920ರಲ್ಲಿ 2,600ಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಸರ್ಕಾರಕ್ಕೆ 10,000 ಫ್ರಾಂಕಿಗೆ ಮಾರಿದರು. ಆ ವ್ಯವಹಾರದ ಪತ್ರದಲ್ಲಿ, ಹಳೇ ಪ್ಯಾರಿಸ್ ಪೂರ್ತಿ ನನ್ನ ಹತ್ತಿರ ಇದೆ ಅಂತ ಬರೆದರು. ನಿಮ್ಮ ಲೇಖನ ಶುರುವಾಗಬೇಕಾದ್ದು ಇಲ್ಲಿಂದ. ಬೆಲೆ ಕುದುರಿಸುವ ಪತ್ರದಲ್ಲೇ ಅಷ್ಟು ಹೆಮ್ಮೆ ಇದ್ದ ಮನುಷ್ಯ ಅವರು.

1857ರಲ್ಲಿ ಫ್ರಾನ್ಸಿನ ಲಿಬೂರ್ನ್‌ನಲ್ಲಿ ಹುಟ್ಟಿದ್ದು, ಚಿಕ್ಕಂದಿನಲ್ಲೇ ಅಪ್ಪ ಅಮ್ಮ ತೀರಿಕೊಂಡಿದ್ದು, ಹಡಗಿನ ಕೆಲಸ, ನಾಟಕದ ಕಂಪನಿ, ಇವೆಲ್ಲ ನಾಲ್ಕು ಸಾಲಲ್ಲಿ ಮುಗಿಯಲಿ.

ಉಳಿದ ಜಾಗವನ್ನು ಬೆರನಿಸ್ ಆಬಟ್‌ಗೆ ಕೊಡಿ. ನೀವು ಆಕೆಯ ಹೆಸರು ಮಾತ್ರ ಹೇಳಿದ್ದೀರಿ. 1927ರಲ್ಲಿ ಅತ್ಜೆಯ ಫೋಟೋ ತೆಗೆದವರು ಈ ಅಮೆರಿಕದ ಹೆಣ್ಣುಮಗಳು. ಅದೇ ವರ್ಷ ಆಗಸ್ಟಿನಲ್ಲಿ ಅತ್ಜೆ ತೀರಿಕೊಂಡರು. ಮನೆಯಲ್ಲಿ ಉಳಿದಿದ್ದ ಪ್ಲೇಟು, ಪ್ರಿಂಟುಗಳನ್ನು ಆಕೆ ಕೊಂಡು, ನ್ಯೂಯಾರ್ಕಿಗೆ ತಂದು, ದಶಕಗಳ ಕಾಲ ಕಾಪಾಡಿದರು. 1968ರಲ್ಲಿ ಅವು ಅಲ್ಲಿನ ಆಧುನಿಕ ಕಲಾ ಮ್ಯೂಸಿಯಂ ಸೇರಿದವು. ಆಕೆ ಇಲ್ಲದಿದ್ದರೆ ನೀವೂ ನಾನೂ ಈ ಹೆಸರು ಕೇಳುತ್ತಿದ್ದೆವೋ ಇಲ್ಲವೋ.

ಒಂದೇ ಒಂದು ಚಿತ್ರ ಆರಿಸಿ, ಅದರಲ್ಲಿ ಕಾಣುವುದನ್ನೆಲ್ಲ ಬರೆದು, ಲೇಖನದ ಜೊತೆ ಮತ್ತೆ ಕಳಿಸಿ. ನಾನೇ ಓದುತ್ತೇನೆ.