ಅರೀಥಾ ಫ್ರಾಂಕ್ಲಿನ್ ಗ್ರ್ಯಾಮಿ: 18 ಸರಿಯೋ, 20 ಸರಿಯೋ?

ಕ್ವಿಜ್‌ಗೆ ಅಮೆರಿಕದ ಗಾಯಕಿ ಅರೀಥಾ ಫ್ರಾಂಕ್ಲಿನ್ ಅವರ ಪ್ರಶಸ್ತಿಗಳ ಪಟ್ಟಿ ಮಾಡುವಾಗ ನಿಮಗೆ ಗ್ರ್ಯಾಮಿ (ಸಂಗೀತ ಪ್ರಶಸ್ತಿ) ಸಂಖ್ಯೆ ಒಂದು ಕಡೆ 18, ಇನ್ನೊಂದು ಕಡೆ 20 ಅಂತ ಸಿಕ್ಕಿರುವುದಕ್ಕೆ ಕಾರಣ ಬಹುಶಃ ಕೂಡಿಸಿದ ರೀತಿ. ಸ್ಪರ್ಧೆಯಲ್ಲಿ ಅರೀಥಾ ಗೆದ್ದದ್ದು 18 ಗ್ರ್ಯಾಮಿ. 1991ರ ಲೆಜೆಂಡ್ ಪ್ರಶಸ್ತಿ, 1994ರ ಜೀವಮಾನ ಸಾಧನೆ ಪ್ರಶಸ್ತಿ ಎರಡೂ ಗೌರವಕ್ಕೆ ಕೊಟ್ಟವು. ಅವನ್ನೂ ಸೇರಿಸಿದರೆ 20 ಆಗುತ್ತದೆ.

ಹಾಗಾಗಿ ಮೊದಲು ಕ್ವಿಜ್ ಪ್ರಶ್ನೆಯನ್ನೇ ತಿದ್ದಿ: 'ಸ್ಪರ್ಧೆಯಲ್ಲಿ ಎಷ್ಟು ಗೆದ್ದರು?' ಅಂತ ಕೇಳಿ. ಉತ್ತರ 18. ಯಾರೂ ತಕರಾರು ತೆಗೆಯಲಾರರು.

ಆಮೇಲೆ ಇಸವಿ ನೋಡಿ. ಇಲ್ಲೇ ಜಾಸ್ತಿ ಜನ ಎಡವುವುದು. ಅವರ 'ರೆಸ್ಪೆಕ್ಟ್' ಹಾಡು ಬಂದದ್ದು 1967ರಲ್ಲಿ, ಅದಕ್ಕೆ ಗ್ರ್ಯಾಮಿ ಕೊಟ್ಟ ಸಮಾರಂಭ 1968ರದ್ದು. ಅಲ್ಲಿಂದ 1975ರವರೆಗೆ ಆರ್‌ ಅಂಡ್‌ ಬಿ (ರಿದಮ್ ಅಂಡ್ ಬ್ಲೂಸ್ ಸಂಗೀತ) ಗಾಯಕಿ ಪ್ರಶಸ್ತಿ ಸತತ 8 ವರ್ಷ ಅವರಿಗೇ! ಎಲ್ಲ ಕಡೆ ಸಮಾರಂಭದ ವರ್ಷವನ್ನೇ ಹಾಕಿ, ಬೆರೆಸಬೇಡಿ.

ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿದ ಮೊದಲ ಮಹಿಳೆ ಅವರೇ, 1987ರಲ್ಲಿ. ಅಮೆರಿಕ ಅಧ್ಯಕ್ಷರ ಸ್ವಾತಂತ್ರ್ಯ ಪದಕ 2005ರದ್ದು.

ನಿಮ್ಮ ಪಟ್ಟಿಯ ಪುಲಿಟ್ಜರ್ (ಪತ್ರಿಕೋದ್ಯಮ, ಸಾಹಿತ್ಯ, ಸಂಗೀತಕ್ಕೆ ಕೊಡುವ ಅಮೆರಿಕದ ಪ್ರಶಸ್ತಿ) 2019 ತಪ್ಪಲ್ಲ. ಅವರು ತೀರಿಕೊಂಡದ್ದು 2018ರ ಆಗಸ್ಟ್‌ನಲ್ಲಿ, ಅದು ಮರಣಾನಂತರ ಕೊಟ್ಟ ವಿಶೇಷ ಗೌರವ. ಪಕ್ಕದಲ್ಲಿ 'ಮರಣೋತ್ತರ' ಅಂತ ಬರೆದುಬಿಡಿ, ಸಾಕು.