ಪಿಕಳಾರದ ಅಮ್ಮನಿಗೂ ಪಕ್ಷಪಾತವೇ?

ಮೈಸೂರಿನ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ಬಾಲ್ಕನಿಯ ಬಳ್ಳಿಯಲ್ಲಿ ಪಿಕಳಾರ ಮೂರು ಮರಿ ಮಾಡಿದೆ. ಕುಂಡ ಸ್ವಲ್ಪ ಅಲುಗಾಡಿದರೂ ಮೂರೂ ಬಾಯಿ ತೆರೆಯುತ್ತವೆ. ಅಮ್ಮ ಮಾತ್ರ ದೊಡ್ಡ ಮರಿಗೇ ಜಾಸ್ತಿ ಕೊಡುತ್ತಾಳೆ. ಚಿಕ್ಕದಕ್ಕೆ ನಾನೇ ಬಾಳೆಹಣ್ಣು ತಿನ್ನಿಸಲೇ?’

ಸಂಪಾದಕರ ಉತ್ತರ:

ಬೇಡ ಮೇಡಂ, ಬಾಳೆಹಣ್ಣು ನಿಮಗೇ ಇರಲಿ. ಎಳೆಮರಿಗೆ ಬೇಕಾದದ್ದು ಹುಳುಹುಪ್ಪಟೆ. ಅದನ್ನು ಅಪ್ಪನೂ ತರುತ್ತಾನೆ. ಪಿಕಳಾರದಲ್ಲಿ ಗಂಡು ಹೆಣ್ಣು ನೋಡಲು ಒಂದೇ ಥರ. ನೀವು ಬೈಯುತ್ತಿರುವುದು ಅಪ್ಪನನ್ನೂ ಇರಬಹುದು!

ಕುಂಡದ ವಿಷಯಕ್ಕೆ ಬರುತ್ತೇನೆ. ಕಣ್ಣು ಬಿಡದ ಮರಿಗೆ ಗೂಡು ಅಲುಗಾಡಿತು ಅಂದರೆ ಊಟ ಬಂತು ಅಂತಲೇ ಲೆಕ್ಕ. ಕತ್ತು ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ಇದನ್ನು ಯುರೋಪಿನ ಬ್ಲ್ಯಾಕ್‌ಬರ್ಡ್ ಮತ್ತು ಥ್ರಷ್ ಮರಿಗಳಲ್ಲಿ ಪರೀಕ್ಷಿಸಿ ನೋಡಿದವರು ಡಚ್ ವಿಜ್ಞಾನಿಗಳಾದ ನಿಕೋ ಟಿಂಬರ್ಗೆನ್ ಮತ್ತು ಕುನೆನ್, 1939ರಲ್ಲಿ. ಕಣ್ಣು ಬಿಟ್ಟ ಮೇಲೂ ಮರಿಗಳು ಕೆಲವು ದಿನ ಆಕಾಶಕ್ಕೇ ಬಾಯಿ ತೆರೆಯುತ್ತವೆ. ಆಮೇಲಷ್ಟೇ ಅಪ್ಪ ಅಮ್ಮನ ತಲೆಯ ಕಡೆಗೆ ತಿರುಗುತ್ತವೆ.

ಇನ್ನು ಪಕ್ಷಪಾತ. ಯಾರ ಕತ್ತು ಉದ್ದ ಚಾಚಿದೆ, ಯಾರ ಕೂಗು ಜೋರು, ಯಾರು ಹತ್ತಿರ ಇದ್ದಾರೆ, ಇದನ್ನೆಲ್ಲ ನೋಡಿ ತುತ್ತು ಬೀಳುತ್ತದೆ. ದೊಡ್ಡ ಮರಿಗೆ ಇದು ಅನುಕೂಲವೇ. ಆದರೆ ಸ್ವಲ್ಪ ಹೊತ್ತು ಸುಮ್ನೆ ದೂರದಿಂದ ನೋಡಿ. ಹುಳವನ್ನು ಒಂದು ಬಾಯಿಗೆ ತುರುಕಿ ಕ್ಷಣ ಕಾಯುವುದುಂಟು. ಹೊಟ್ಟೆ ತುಂಬಿದ ಮರಿ ಬೇಗ ನುಂಗುವುದಿಲ್ಲ. ಆಗ ಅದನ್ನೇ ಎಳೆದು ಪಕ್ಕದ ಬಾಯಿಗೆ! ಮದುವೆಮನೆಯಲ್ಲಿ ಎಲೆಗೆ ಬಡಿಸಿದ ಹೋಳಿಗೆಯನ್ನು ಹೀಗೆ ವಾಪಸ್ ತೆಗೆದರೆ ದೊಡ್ಡ ಜಗಳವೇ ಆಗುತ್ತದೆ, ಅಲ್ವಾ? ಹುಳುಗಳಿಗೇ ಬರ ಬಂದಾಗ ಮಾತ್ರ ಚಿಕ್ಕ ಮರಿ ಸೋಲುವುದು ನಿಜ. ಅದನ್ನು ಮುಚ್ಚಿಡುವುದಿಲ್ಲ.

ಎಲ್ಲ ಗೂಡಿನಲ್ಲೂ ಹೀಗೆ ಗಲಾಟೆ ಇರುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಕಣಜ ಗೂಬೆಗಳ ಗೂಡಿಗೆ ಕಿವಿಗೊಟ್ಟವರು ಕಂಡದ್ದು ಬೇರೆಯೇ. ಅಪ್ಪ ಅಮ್ಮ ಬೇಟೆಗೆ ಹೋಗಿರುವಾಗ ಮರಿಗಳು ತಮ್ಮತಮ್ಮಲ್ಲೇ ಕೂಗಾಡಿಕೊಳ್ಳುತ್ತವೆ. ತುಂಬಾ ಹಸಿದದ್ದು ಹೆಚ್ಚು ಕೂಗುತ್ತದೆ. ಅಷ್ಟು ಹಸಿವಿಲ್ಲದವು ಸುಮ್ಮನಾಗುತ್ತವೆ. ಇಲಿ ಬರುವ ಮೊದಲೇ ಸರದಿ ಹೆಚ್ಚುಕಡಿಮೆ ತೀರ್ಮಾನವಾಗಿರುತ್ತದೆ.

ಗೂಡಿಗೆ ಕೈ ಹಾಕಬೇಡಿ. ರೆಕ್ಕೆ ಮೂಡಿದ ಮರಿ ಗಾಬರಿಯಾದರೆ ಹಾರಲು ಬಾರದಿದ್ದರೂ ಹೊರಗೆ ನೆಗೆದುಬಿಡುತ್ತದೆ. ನಿಮ್ಮ ಚಿಂತೆಗೆ ಇನ್ನೊಂದು ದಾರಿ ಇದೆ. ತುತ್ತು ಕೊಟ್ಟ ಹಕ್ಕಿ ತಕ್ಷಣ ಹಾರದೆ ಗೂಡಿನ ಅಂಚಿನಲ್ಲೇ ಕೂತರೆ ಗಮನಿಸಿ. ಮರಿ ತಿರುಗಿ ಹಿಂಭಾಗ ಎತ್ತುತ್ತದೆ. ಬಿಳಿ ಪೊಟ್ಟಣದಂಥ ಹಿಕ್ಕೆ ಬರುತ್ತದೆ. ದೊಡ್ಡವರು ಅದನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಹೋಗುತ್ತಾರೆ, ಇಲ್ಲವೇ ನುಂಗುತ್ತಾರೆ. ನಿಮ್ಮ ಚಿಕ್ಕ ಮರಿಯೂ ಪೊಟ್ಟಣ ಕೊಡುತ್ತಿದ್ದರೆ, ಅದರ ಹೊಟ್ಟೆಗೂ ಹುಳ ಬಿದ್ದಿದೆ ಎಂದೇ ಅರ್ಥ.