ಕಟ್ಟದೆ ಇಟ್ಟ ಕೈಗಡಿಯಾರಕ್ಕೆ ಕೀ ಕೊಡಬೇಕೇ?

ಪ್ರಶ್ನೆ: ತಂದೆಯವರ ಎಚ್‌ಎಂಟಿ ಜನತಾ ಕೈಗಡಿಯಾರವನ್ನು ಮದುವೆ, ಹಬ್ಬಗಳಿಗೆ ಮಾತ್ರ ಕಟ್ಟುತ್ತೇನೆ. ಉಳಿದ ದಿನಗಳಲ್ಲಿಯೂ ಅದಕ್ಕೆ ಕೀ ಕೊಡುತ್ತಿರಬೇಕೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ದಿನವೂ ಬೇಕಾಗಿಲ್ಲ, ನಿಂತಿದ್ದ ಮಾತ್ರಕ್ಕೆ ಸ್ಪ್ರಿಂಗ್ ಕೆಡುವುದಿಲ್ಲ. ಆದರೂ ಒಳಗಿನ ಎಣ್ಣೆ ಒಂದೆಡೆ ನಿಲ್ಲದಂತೆ ತಿಂಗಳಿಗೊಮ್ಮೆ ಬಿಗಿ ಬರುವವರೆಗೆ ಕೀ ಕೊಟ್ಟು, ತಾನಾಗಿಯೇ ಓಡಿ ನಿಲ್ಲಲು ಬಿಡುವುದು ಒಳ್ಳೆಯದು. ಬಿಗಿಯಾದ ಮೇಲೆ ಬಲವಂತ ಮಾಡಬೇಡಿ. ನನಗೆ ಹೆಚ್ಚಿನ ಚಿಂತೆ ತೇವದ್ದು: ಮಳೆಗಾಲದಲ್ಲಿ, ಅದರಲ್ಲೂ ನಾಲೆ, ಗದ್ದೆಗಳ ನಡುವಿನ ನಿಮ್ಮ ಸೀಮೆಯಲ್ಲಿ, ಚರ್ಮದ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ, ಒಳಸೇರಿದ ತೇವದಿಂದ ಉಕ್ಕಿನ ಬಿಡಿಭಾಗಗಳು ತುಕ್ಕು ಹಿಡಿಯುತ್ತವೆ. ಆದ್ದರಿಂದ ಬೆವರು ಒರೆಸಿ, ಪಟ್ಟಿಯನ್ನು ನೆರಳಿನಲ್ಲಿ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಭದ್ರವಾದ ಮುಚ್ಚಳದ ಡಬ್ಬಿಯಲ್ಲಿಡಿ. ಸ್ಪೀಕರ್‌ನಂತಹ ಅಯಸ್ಕಾಂತವಿರುವ ವಸ್ತುಗಳ ಹತ್ತಿರ ಇಡಬೇಡಿ. ಹೇರ್‌ಸ್ಪ್ರಿಂಗ್ (ಗಡಿಯಾರದ ವೇಗವನ್ನು ಹಿಡಿತದಲ್ಲಿಡುವ, ಕೂದಲಿನಂತೆ ತೆಳುವಾದ ಸುರುಳಿ) ಕಾಂತತ್ವ ಪಡೆದರೆ ಅದರ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ಗಡಿಯಾರ ವಿಪರೀತ ಮುಂದೆ ಓಡತೊಡಗುತ್ತದೆ.